ಹಳೇ ಹ್ಯಾಂಡಿಕ್ಯಾಮ್ ಟೇಪು ಕಂಪ್ಯೂಟರಿಗೆ: ಯಾವ ಟೇಪಿಗೆ ಯಾವ ದಾರಿ?

ತುಮಕೂರಿನ ಬಿ.ಎಚ್. ರಸ್ತೆಯಲ್ಲೋ ಕೋಲಾರದ ಡೂಮ್‌ಲೈಟ್ ವೃತ್ತದ ಹತ್ತಿರವೋ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ "ಹ್ಯಾಂಡಿಕ್ಯಾಮ್ ಟೇಪನ್ನ ಕಂಪ್ಯೂಟರಿಗೆ ಹಾಕಬೇಕು, ಏನಾದ್ರೂ ವೈರು ಇದ್ರೆ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಹಳದಿ, ಬಿಳಿ, ಕೆಂಪು ತೂತುಗಳಿರುವ ಪುಟ್ಟ ಯುಎಸ್‌ಬಿ ಡಬ್ಬಿ. ಬೆಲೆ ಕೆಲವು ನೂರು ರೂಪಾಯಿ. ಅರ್ಧದಷ್ಟು ಜನರಿಗೆ ಅದರಿಂದ ಕೆಲಸ ನಡೆಯುತ್ತದೆ. ಉಳಿದರ್ಧ ಜನ ಟೇಪಿನಲ್ಲಿರುವ ಒಳ್ಳೆಯ ಚಿತ್ರವನ್ನು ತಮ್ಮ ಕೈಯಾರೆ ಕೆಡಿಸಿಕೊಳ್ಳುತ್ತಾರೆ. ಆಮೇಲೆ "ಹಳೇ ಕ್ಯಾಮೆರಾ ಅಲ್ವಾ, ಇಷ್ಟೇ ಬರೋದು" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಯಾರು ಯಾವ ಅರ್ಧಕ್ಕೆ ಸೇರಿದವರು ಎಂಬುದು ಸಾಮಾನ್ಯವಾಗಿ ಕ್ಯಾಸೆಟ್ಟಿನ ಮೇಲೆ ಅಚ್ಚಾಗಿರುತ್ತದೆ. ಟೇಪಿನಲ್ಲಿ ಇರುವುದು ಡಿಜಿಟಲ್ ದತ್ತಾಂಶವಾದರೆ ಅದನ್ನು ಫೈಲಿನ ಹಾಗೆ ನಕಲು ಮಾಡಬೇಕು. ಅನಲಾಗ್ ಸಂಕೇತವಾದರೆ ಆಡಿಸುವ ಯಂತ್ರದಿಂದ ಹೊರಬರುವ ಚಿತ್ರವನ್ನು ಹಿಡಿಯಬೇಕು. ಎರಡಕ್ಕೂ ಬೇಕಾದ ಸಾಮಾನು ಬೇರೆ, ಹಣ ಹಾಕಬೇಕಾದ ಜಾಗವೂ ಬೇರೆ.

ಕ್ಯಾಸೆಟ್ಟು ಗುರುತಿಸುವುದು

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, "ಮಿನಿ ಡಿವಿ" ಎಂದು ಬರೆದಿದೆ: ಡಿಜಿಟಲ್. 1995ರಲ್ಲಿ ಬಂದದ್ದು. 2000ದ ದಶಕದ ಮನೆ ಕ್ಯಾಮೆರಾಗಳಲ್ಲೂ ಮದುವೆ ಸ್ಟುಡಿಯೊಗಳಲ್ಲೂ ಹೆಚ್ಚಾಗಿ ಓಡಿದ್ದು ಇದೇ. ಅದೇ ಅಳತೆಯ ಕ್ಯಾಸೆಟ್ಟಿನಲ್ಲಿ "ಎಚ್‌ಡಿವಿ" ಕೂಡ ರೆಕಾರ್ಡ್ ಆಗಿರಬಹುದು, ಅದೂ ಡಿಜಿಟಲ್ಲೇ.

ಆಡಿಯೊ ಕ್ಯಾಸೆಟ್ಟಿನಷ್ಟು ಅಗಲ, ಅದಕ್ಕಿಂತ ದಪ್ಪ, ಮೇಲೆ "8" ಎಂಬ ಅಂಕಿ: ಇಲ್ಲಿ ಗೊಂದಲವಿದೆ. 1985ರ ವಿಡಿಯೊ8, 1989ರ ಹೈ8, 1999ರ ಡಿಜಿಟಲ್8 ಮೂರೂ ಒಂದೇ ಅಳತೆಯ ಕ್ಯಾಸೆಟ್ಟಿನಲ್ಲಿ ಓಡುತ್ತವೆ. ಡಿಜಿಟಲ್8 ಕ್ಯಾಮೆರಾದವರು ಬಹಳ ಸಲ ಸಾದಾ ಹೈ8 ಟೇಪನ್ನೇ ಹಾಕಿ ತೆಗೆದಿರುತ್ತಾರೆ. ಆದ್ದರಿಂದ ಈ ಜಾತಿಯಲ್ಲಿ ಕ್ಯಾಸೆಟ್ಟಿನ ಹೆಸರನ್ನು ನಂಬಬಾರದು, ತೆಗೆದ ಕ್ಯಾಮೆರಾದ ಮೈಮೇಲಿನ ಗುರುತು ನೋಡಬೇಕು. ಡಿಜಿಟಲ್8 ರೆಕಾರ್ಡಿಂಗನ್ನು ಹೈ8 ಕ್ಯಾಮೆರಾಕ್ಕೆ ಹಾಕಿದರೆ ಚಿತ್ರವೇ ಬರುವುದಿಲ್ಲ. ಟೇಪು ಖಾಲಿ ಎಂದುಕೊಂಡು ಎಸೆದವರಿದ್ದಾರೆ.

ದೊಡ್ಡ ವಿಎಚ್‌ಎಸ್ ಕ್ಯಾಸೆಟ್ಟು ಎಲ್ಲರಿಗೂ ಗೊತ್ತು. ಅದರ ಮರಿ ವಿಎಚ್‌ಎಸ್-ಸಿ. ಇದನ್ನು ಅಡಾಪ್ಟರ್ ಕ್ಯಾಸೆಟ್ಟಿನೊಳಗೆ ಕೂರಿಸಿ ಸಾಮಾನ್ಯ ವಿಸಿಆರ್‌ನಲ್ಲಿ ಹಾಕಬಹುದು. ಮೋಟಾರಿರುವ ಅಡಾಪ್ಟರಿಗೆ ಪೆನ್ಸಿಲ್ ಸೆಲ್ ಬೇಕು, ಸೆಲ್ ಇಳಿದಿದ್ದರೆ ಟೇಪು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. 8 ಮಿಲಿಮೀಟರಿನ ಟೇಪಿಗೆ ಇಂಥ ಅಡಾಪ್ಟರ್ ಪ್ರಪಂಚದಲ್ಲೇ ಇಲ್ಲ. ಟೇಪಿನ ಅಗಲವೇ ಬೇರೆ. ಇದೆ ಎಂದು ಹೇಳಿ ಮಾರುವವರಿಂದ ಕೊಳ್ಳಬೇಡಿ.

ಇನ್ನು 8 ಸೆಂಟಿಮೀಟರಿನ ಪುಟ್ಟ ಡಿವಿಡಿ, ಹಾರ್ಡ್‌ಡಿಸ್ಕ್ ಅಥವಾ ಮೆಮೊರಿ ಕಾರ್ಡಿನ ಕ್ಯಾಮೆರಾ. ಇವುಗಳ ವಿಷಯ ಕೊನೆಗೆ, ಚಿಕ್ಕದಾಗಿ.

ಯಾವ ಕ್ಯಾಸೆಟ್ಟನ್ನೇ ಆಗಲಿ ಒಳಗೆ ಹಾಕುವ ಮುಂಚೆ ಎರಡು ಕೆಲಸ. ಮೊದಲನೆಯದು, ರೆಕಾರ್ಡ್ ಆಗದಂತೆ ತಡೆಯುವ ಪುಟ್ಟ ಬಾಗಿಲನ್ನು "ಸೇವ್" ಕಡೆಗೆ ಸರಿಸಿ. ವಿಎಚ್‌ಎಸ್ ಆದರೆ ಬೆನ್ನಿನ ಪ್ಲಾಸ್ಟಿಕ್ ತುಣುಕು ಮುರಿಯಿರಿ. ಎರಡನೆಯದು, ಕಿಟಕಿಯ ಮೂಲಕ ಸುರುಳಿಯ ಅಂಚನ್ನು ಟಾರ್ಚ್ ಬಿಟ್ಟು ನೋಡಿ. ಬಿಳಿ ಚುಕ್ಕೆ, ಪುಡಿ, ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅದನ್ನು ಹಾಕಿದ ಕ್ಷಣದಿಂದ ಟೇಪು ಓದುವ ಹೆಡ್ಡಿಗೂ ಬೂಷ್ಟು, ಅದರ ಹಿಂದೆ ಬರುವ ಒಳ್ಳೆಯ ಟೇಪಿಗೂ ಬೂಷ್ಟು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಚಾಕಿ (ಎಳೆಯ) ಹುಳುವಿಗೆ ಶೇ 80ರ ಮೇಲೆ ತೇವ ಬೇಕು, ಟೇಪಿಗೆ ಒಗ್ಗುವುದು ಶೇ 30ರಿಂದ 50. ಹುಳುಮನೆಗೆ ತಾಗಿದ ಅಟ್ಟದಲ್ಲಿ ವರ್ಷಾನುಗಟ್ಟಲೆ ಇದ್ದ ಟೇಪನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರವಾದರೂ ಇಟ್ಟು ಆಮೇಲೆ ಮುಟ್ಟಿ. ಬಿಸಿಲಿಗೆ ಒಣಹಾಕಬಾರದು, ಟೇಪು ಸೊಟ್ಟಗಾಗುತ್ತದೆ. ಬೂಷ್ಟು ಕಣ್ಣಿಗೆ ಕಾಣುವಷ್ಟಿದ್ದರೆ ಮನೆಯಲ್ಲಿ ಆಡಿಸಲೇಬೇಡಿ.

ಮಿನಿ ಡಿವಿ, ಡಿಜಿಟಲ್8: ಫೈರ್‌ವೈರ್ ಬಿಟ್ಟರೆ ಬೇರೆಯದು ಬೇಡ

ಈ ಕ್ಯಾಮೆರಾಗಳಲ್ಲಿ "ಡಿವಿ" ಅಥವಾ "ಐ.ಲಿಂಕ್" ಎಂದು ಬರೆದ ನಾಲ್ಕು ಪಿನ್ನಿನ ಸಣ್ಣ ಕಿಂಡಿ ಇರುತ್ತದೆ. ಅದೇ ಫೈರ್‌ವೈರ್, ಐಇಇಇ 1394. ಟೇಪಿನ ಮೇಲಿರುವ ಅಂಕಿಗಳು ಇದರ ಮೂಲಕ ಇದ್ದ ಹಾಗೆಯೇ ಕಂಪ್ಯೂಟರಿಗೆ ಇಳಿಯುತ್ತವೆ. ದೃಶ್ಯದ ವೇಗ ಸೆಕೆಂಡಿಗೆ 25 ಮೆಗಾಬಿಟ್, ಎಲ್ಲ ಸೇರಿ ಸೆಕೆಂಡಿಗೆ ಸುಮಾರು 3.6 ಎಂಬಿ, ಗಂಟೆಗೆ ಸುಮಾರು 13 ಜಿಬಿ. ಚಿತ್ರದ ಅಳತೆ 720 × 576, ಸೆಕೆಂಡಿಗೆ 25 ಫ್ರೇಮು.

ಹಳದಿ ಪಿನ್ನಿನಿಂದ ಇದೇ ಟೇಪನ್ನು ಹಿಡಿದರೆ ಏನಾಗುತ್ತದೆ? ಕ್ಯಾಮೆರಾ ಡಿಜಿಟಲ್ಲನ್ನು ಅನಲಾಗ್ ಮಾಡುತ್ತದೆ, ಡಬ್ಬಿ ಅದನ್ನು ಮತ್ತೆ ಡಿಜಿಟಲ್ ಮಾಡುತ್ತದೆ. ರೇಷ್ಮೆ ಸೀರೆಯ ಕೆಂಪು ಅಂಚಿನಲ್ಲಿ ಬಣ್ಣ ಹರಡುತ್ತದೆ, ಸಣ್ಣ ಗೆರೆಗಳ ಮೇಲೆ ಚುಕ್ಕೆಗಳು ಹರಿದಾಡುತ್ತವೆ. ಇನ್ನೊಂದು ನಷ್ಟ ಯಾರ ಗಮನಕ್ಕೂ ಬರುವುದಿಲ್ಲ: ಡಿವಿ ಟೇಪಿನ ಪ್ರತಿ ಫ್ರೇಮಿನ ಜೊತೆಗೂ ತೆಗೆದ ದಿನಾಂಕ, ಗಂಟೆ, ನಿಮಿಷ ದಾಖಲಾಗಿರುತ್ತದೆ. ಫೈರ್‌ವೈರಿನಲ್ಲಿ ಅದೂ ಬರುತ್ತದೆ, ಹಳದಿ ಪಿನ್ನಿನಲ್ಲಿ ಬರುವುದಿಲ್ಲ. ತಾತ ಇದ್ದದ್ದು ಆ ಶಿವರಾತ್ರಿಯೋ ಮುಂದಿನದೋ ಎಂಬ ಮನೆಯ ಜಗಳಕ್ಕೆ ಉತ್ತರ ಆ ದಿನಾಂಕದಲ್ಲಿರುತ್ತದೆ. ಕ್ಯಾಮೆರಾದ ಗಡಿಯಾರವನ್ನು ಆಗ ಸರಿಯಾಗಿ ಇಟ್ಟಿದ್ದರೆ, ಅಷ್ಟೆ.

ಎರಡು ಮೋಸದ ಸಾಮಾನುಗಳಿವೆ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಕೇಬಲ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಚಿಪ್ಪೇ ಇಲ್ಲ, ಬರಿ ತಂತಿ. ಎರಡೂ ಬೇರೆ ಬೇರೆ ಭಾಷೆ, ತಂತಿ ಜೋಡಿಸಿದರೆ ಮಾತು ನಡೆಯುವುದಿಲ್ಲ. ಕೆಲಸ ಮಾಡುವುದಿರಲಿ, ಕಿಂಡಿ ಸುಡುವ ಅಪಾಯವೂ ಇದೆ. ಎರಡನೆಯದು ಕ್ಯಾಮೆರಾದ್ದೇ ಯುಎಸ್‌ಬಿ ಕಿಂಡಿ. ಬಹುಪಾಲು ಮಿನಿ ಡಿವಿ ಕ್ಯಾಮೆರಾಗಳಲ್ಲಿ ಅದು ಇರುವುದು ಕಾರ್ಡಿನಲ್ಲಿನ ಫೋಟೊ ತೆಗೆಯಲು, ಇಲ್ಲವೇ ವೆಬ್‌ಕ್ಯಾಮ್ ಮಟ್ಟದ ಸಣ್ಣ ಚಿತ್ರ ಕಳಿಸಲು. ಪೂರ್ಣ ಡಿವಿಯನ್ನು ಯುಎಸ್‌ಬಿಯಲ್ಲಿ ಕೊಡುವ ಮಾದರಿಗಳು ಬೆರಳೆಣಿಕೆಯಷ್ಟು.

ಹಾಗಾದರೆ ಫೈರ್‌ವೈರ್ ಎಲ್ಲಿಂದ? ಮೂರು ದಾರಿ.

ಎಲ್ಲಕ್ಕಿಂತ ಒಳ್ಳೆಯದು, ಬಹುಶಃ ಪುಕ್ಕಟೆ ಕೂಡ: 2005ರಿಂದ 2011ರ ನಡುವಿನ ಒಂದು ಹಳೇ ಲ್ಯಾಪ್‌ಟಾಪ್. ಆ ಕಾಲದ ಡೆಲ್, ಎಚ್‌ಪಿ, ಸೋನಿ ವಾಯೊ ಹಲವದರ ಪಕ್ಕದಲ್ಲಿ "1394" ಎಂದು ಬರೆದ ನಾಲ್ಕು ಪಿನ್ ಕಿಂಡಿ ಇದೆ. ನೆಂಟರ ಮನೆಯಲ್ಲಿ ಮೂಲೆಗೆ ಬಿದ್ದ ಇಂಥದ್ದೊಂದು ಸಿಗುವುದು ಕಷ್ಟವಲ್ಲ. ವಿಂಡೋಸ್ ಎಕ್ಸ್‌ಪಿ ಅಥವಾ 7 ಇದ್ದರೆ ಡ್ರೈವರ್ ಗೋಜೇ ಇಲ್ಲ. ಸೆಕೆಂಡಿಗೆ 3.6 ಎಂಬಿ ಬರೆಯುವುದು ಆ ಹಳೇ ಯಂತ್ರಕ್ಕೂ ಭಾರವಲ್ಲ. ನಾಲ್ಕು-ನಾಲ್ಕು ಪಿನ್ ಕೇಬಲ್ ಒಂದು ಸಾಕು. ವಿಂಡೋಸ್ ಹಾಳಾಗಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, "ಡಿವಿಗ್ರ್ಯಾಬ್" ಎಂಬ ಉಚಿತ ತಂತ್ರಾಂಶ ಬಳಸಿ. ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ಎರಡನೆಯದು ಡೆಸ್ಕ್‌ಟಾಪಿಗೆ ಕಾರ್ಡು. ಮದರ್‌ಬೋರ್ಡಿನಲ್ಲಿ ಇರುವುದು ಹಳೇ ಪಿಸಿಐ ಸ್ಲಾಟೋ ಚಿಕ್ಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟೋ ಎಂದು ಮುಚ್ಚಳ ತೆಗೆದು ನೋಡಿಕೊಂಡೇ ಕೊಳ್ಳಿ. ಒಂದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ವಿಐಎ ಅಥವಾ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನ ಕಾರ್ಡು ಸಾಕು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಕಾರ್ಡು ಕಂಡರೂ ಕ್ಯಾಮೆರಾ ಕಾಣದೇ ಇರಬಹುದು. ಆಗ ಮೈಕ್ರೋಸಾಫ್ಟ್ ಬಿಟ್ಟಿರುವ "1394 ಲೆಗಸಿ" ಡ್ರೈವರ್ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಒತ್ತಿದರೆ ಅದು ತಾನೇ ಜಾರಿಗೆ ಬರುವುದಿಲ್ಲ, ಇಲ್ಲೇ ಎಲ್ಲರೂ ಸೋಲುವುದು. ಡಿವೈಸ್ ಮ್ಯಾನೇಜರಿನಲ್ಲಿ 1394 ಕಂಟ್ರೋಲರ್ ಮೇಲೆ ಬಲಕ್ಲಿಕ್ ಮಾಡಿ, ಅಪ್‌ಡೇಟ್ ಡ್ರೈವರ್ ಆರಿಸಿ, ಪಟ್ಟಿಯಿಂದ ನಾವೇ ಆರಿಸುವ ಆಯ್ಕೆಗೆ ಹೋಗಿ, ಹೆಸರಿನ ಕೊನೆಗೆ "ಲೆಗಸಿ" ಎಂದಿರುವುದನ್ನು ಒತ್ತಿ, ಮತ್ತೆ ಬೂಟ್ ಮಾಡಬೇಕು.

ಮೂರನೆಯದು ಮ್ಯಾಕ್. ಥಂಡರ್‌ಬೋಲ್ಟ್ 3ರಿಂದ 2, ಅಲ್ಲಿಂದ ಫೈರ್‌ವೈರ್ 800, ಅಲ್ಲಿಂದ ಒಂಬತ್ತು-ನಾಲ್ಕು ಪಿನ್ ಕೇಬಲ್. ಹೀಗೆ ಅಡಾಪ್ಟರುಗಳ ಸರಪಳಿ ಕಟ್ಟಬೇಕು, ಅದರಲ್ಲಿ ಫೈರ್‌ವೈರ್ ಅಡಾಪ್ಟರನ್ನು ಆ್ಯಪಲ್ ಮಾರುವುದನ್ನೇ ನಿಲ್ಲಿಸಿದೆ. ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಈಗಾಗಲೇ ಸಾಮಾನು ಇದ್ದು ಹಳೇ ಮ್ಯಾಕ್‌ಓಎಸ್ ಓಡುತ್ತಿದ್ದರೆ ಸರಿ, ಹೊಸದಾಗಿ ಈ ದಾರಿ ಹಿಡಿಯುವುದು ದಂಡ.

ಜೋಡಿಸುವಾಗ ಎರಡೂ ಕಡೆ ಆಫ್ ಇರಲಿ. ಆನ್ ಇರುವಾಗ ಚುಚ್ಚಿ ಕ್ಯಾಮೆರಾದ ಕಿಂಡಿ ಸುಟ್ಟುಕೊಂಡವರು ಬಹಳ. ಡೆಸ್ಕ್‌ಟಾಪಿನ ಆರು ಪಿನ್ ಕಿಂಡಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ಸಡಿಲವಾದ ಕಿಂಡಿಗೆ ಪ್ಲಗ್ಗನ್ನು ತಲೆಕೆಳಗಾಗಿ ಒತ್ತಿದರೆ ಕ್ಯಾಮೆರಾ ಅಲ್ಲಿಗೆ ಮುಗಿಯಿತು. ಕ್ಯಾಮೆರಾವನ್ನು "ವಿಸಿಆರ್" ಅಥವಾ "ಪ್ಲೇ" ಸ್ಥಿತಿಗೆ ತಿರುಗಿಸಿ. ವಿಂಡೋಸಿನಲ್ಲಿ "ವಿನ್‌ಡಿವಿ" ಎಂಬ ಪುಟ್ಟ ಉಚಿತ ತಂತ್ರಾಂಶ ಸಾಕು: ಟೈಪ್-2 ಎವಿಐ ಆರಿಸಿ, ಉಳಿಸುವ ಜಾಗ ಕೊಟ್ಟು, ಕ್ಯಾಪ್ಚರ್ ಒತ್ತಿ. ಕಳೆದುಹೋದ ಫ್ರೇಮುಗಳ ಲೆಕ್ಕ ಕೆಳಗೆ ಕಾಣುತ್ತದೆ. ಅದು ಸೊನ್ನೆಯಲ್ಲೇ ಇರಬೇಕು. ಏರುತ್ತಿದ್ದರೆ ಡಿಸ್ಕ್ ತುಂಬಿದೆ, ಆ್ಯಂಟಿವೈರಸ್ ಅಡ್ಡ ಬರುತ್ತಿದೆ, ಇಲ್ಲವೇ ಕೇಬಲ್ ಕೆಟ್ಟಿದೆ. ಸುಮಾರು 19 ನಿಮಿಷಕ್ಕೇ ಕ್ಯಾಪ್ಚರ್ ನಿಂತರೆ ಕಾರಣ ಬೇರೆ: ಡಿಸ್ಕ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನಲ್ಲಿದೆ, ಫೈಲು 4 ಜಿಬಿ ಮುಟ್ಟಿದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಬದಲಿಸಿ.

ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಹೆಡ್ಡು ಕೊಳಕಾಗಿದೆ. ಅಡ್ಡ ಪಟ್ಟಿಗಳಾಗಿ ಒಂದು ಸರಿ ಒಂದು ತಪ್ಪು ಬಂದರೆ ಎರಡರಲ್ಲಿ ಒಂದು ಹೆಡ್ಡು ಮುಚ್ಚಿಕೊಂಡಿದೆ. ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು 10 ಸೆಕೆಂಡು ಆಡಿಸಿ ನಿಲ್ಲಿಸಿ. ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ, ಅದು ಉಜ್ಜುಕಾಗದದ ತಮ್ಮ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನಂತೂ ಹೆಡ್ಡಿನ ಹತ್ತಿರ ತರಬೇಡಿ, ಎಳೆ ಸಿಕ್ಕಿ ಹೆಡ್ಡೇ ಕಿತ್ತುಬರುತ್ತದೆ. ಸೋನಿ ಕ್ಯಾಮೆರಾದಲ್ಲಿ ಸಿ:21 ಎಂದು ಬಂದರೆ ಒಳಗೆ ಹನಿಗಟ್ಟಿದೆ, ಕ್ಯಾಸೆಟ್ಟು ತೆಗೆದು ಒಂದೆರಡು ಗಂಟೆ ಬಾಗಿಲು ತೆರೆದಿಡಿ. ಸಿ:22 ಎಂದರೆ ಹೆಡ್ಡು ಕೊಳೆ. ಸಿ:31, ಸಿ:32 ಬಂದರೆ ಕ್ಯಾಸೆಟ್ಟು ತೆಗೆದು ಕರೆಂಟು ಕಿತ್ತು ಮತ್ತೆ ಹಾಕಿ ನೋಡಿ. ಮತ್ತೂ ಬಂದರೆ ಯಂತ್ರದ ಹಲ್ಲುಚಕ್ರವೋ ಮೋಟಾರೋ ಸೋತಿದೆ.

ಕ್ಯಾಮೆರಾ ಸತ್ತಿದ್ದರೆ ಇಲ್ಲಿನ ಮದುವೆ ಸ್ಟುಡಿಯೊಗಳನ್ನು ನೆನಪಿಸಿಕೊಳ್ಳಿ. ಪ್ಯಾನಾಸೋನಿಕ್ ಎಂಡಿ10000, ಸೋನಿ ಪಿಡಿ170, ಎಚ್‌ಡಿ1000 ಹೊತ್ತು ಛತ್ರ ಛತ್ರ ತಿರುಗಿದ ಕಾಲ ಬಹಳ ಹಿಂದಿನದಲ್ಲ. ಇವೆಲ್ಲ ಮಿನಿ ಡಿವಿ ಆಡಿಸುತ್ತವೆ, ಫೈರ್‌ವೈರ್ ಕೊಡುತ್ತವೆ. ಎಷ್ಟೋ ಕಡೆ ಬೀರುವಿನಲ್ಲಿ ಮಲಗಿವೆ. ಒಂದು ವಾರಕ್ಕೆ ಬಾಡಿಗೆಗೆ ಕೇಳುವುದು ಹಳೇ ಹ್ಯಾಂಡಿಕ್ಯಾಮ್ ಆನ್‌ಲೈನಿನಲ್ಲಿ ಕೊಳ್ಳುವುದಕ್ಕಿಂತ ಜಾಣತನ. ಒಂದು ಎಚ್ಚರ: ಎಲ್‌ಪಿ ವೇಗದಲ್ಲಿ ತೆಗೆದ ಟೇಪು (60 ನಿಮಿಷದ್ದರಲ್ಲಿ 90 ನಿಮಿಷ) ಬೇರೆ ಕ್ಯಾಮೆರಾದಲ್ಲಿ ಸರಿಯಾಗಿ ಓದದೇ ಹೋಗಬಹುದು. ಅದಕ್ಕೆ ತೆಗೆದ ಕ್ಯಾಮೆರಾವೇ ಬೇಕು.

ಎಚ್‌ಡಿವಿಗೂ ಇದೇ ಫೈರ್‌ವೈರ್, ಗಂಟೆಗೆ ಸುಮಾರು 11 ಜಿಬಿ. ವಿನ್‌ಡಿವಿಯ ಬದಲು "ಎಚ್‌ಡಿವಿಸ್ಪ್ಲಿಟ್" ಬಳಸಿ. ಕ್ಯಾಮೆರಾ ಮೆನುವಿನಲ್ಲಿ ಐ.ಲಿಂಕ್ ಪರಿವರ್ತನೆ ಆಫ್ ಇರಲಿ. ಇಲ್ಲದಿದ್ದರೆ 1440 × 1080 ಚಿತ್ರವನ್ನು ಕ್ಯಾಮೆರಾ ತಾನೇ ಕುಗ್ಗಿಸಿ ಸಾದಾ ಡಿವಿ ಮಾಡಿ ಕೊಡುತ್ತದೆ. ಗೊತ್ತೇ ಆಗುವುದಿಲ್ಲ.

ವಿಡಿಯೊ8, ಹೈ8, ವಿಎಚ್‌ಎಸ್: ಡಬ್ಬಿಗಿಂತ ಆಡಿಸುವ ಯಂತ್ರ ಮುಖ್ಯ

ಇಲ್ಲಿ ಡಬ್ಬಿ ಬೇಕೇ ಬೇಕು. ಆದರೆ ದುಬಾರಿ ಡಬ್ಬಿಗೂ ಅಗ್ಗದ್ದಕ್ಕೂ ಇರುವ ಅಂತರಕ್ಕಿಂತ ಒಳ್ಳೆಯ ವಿಸಿಆರ್‌ಗೂ ಸವೆದ ವಿಸಿಆರ್‌ಗೂ ಇರುವ ಅಂತರ ದೊಡ್ಡದು. ಹೊಸ ವಿಸಿಆರ್ ಇನ್ನು ಬರುವುದಿಲ್ಲ, ಕೊನೆಯ ತಯಾರಕರಾದ ಜಪಾನಿನ ಫುನಾಯ್ 2016ರಲ್ಲೇ ನಿಲ್ಲಿಸಿದರು. ಇರುವ ಹಣದಲ್ಲಿ ಮುಕ್ಕಾಲು ಪಾಲು ಯಂತ್ರ ರಿಪೇರಿಗೆ, ಹೆಡ್ಡು ಶುದ್ಧಿಗೆ, ಬೆಲ್ಟಿಗೆ ಇಡಿ.

ಹೈ8 ಮತ್ತು ವಿಡಿಯೊ8ಕ್ಕೆ ಒಂದು ಒಳದಾರಿ ಇದೆ. ಅದು ಸಿಕ್ಕರೆ ಬೇರೆ ಯೋಚನೆಯೇ ಬೇಡ. ಆರಂಭದ ಹಲವು ಸೋನಿ ಡಿಜಿಟಲ್8 ಕ್ಯಾಮೆರಾಗಳು ಹಳೇ ಅನಲಾಗ್ 8 ಟೇಪನ್ನೂ ಆಡಿಸಿ, ತಾವೇ ಡಿವಿ ಮಾಡಿ ಫೈರ್‌ವೈರಿನಲ್ಲಿ ಕೊಡುತ್ತವೆ. ಅದುರುವ ಗೆರೆಗಳನ್ನು ನೇರ ಮಾಡುವ ಟಿಬಿಸಿ ಎಂಬ ಸೌಲಭ್ಯ ಕೆಲವದರಲ್ಲಿ ಒಳಗೇ ಇದೆ. ಬೇರೆಯಾಗಿ ಕೊಂಡರೆ ಅದೊಂದೇ ಕೈ ಕಚ್ಚುವ ಬೆಲೆ. ಆದರೆ ಕೊನೆಕೊನೆಯ ಡಿಜಿಟಲ್8 ಮಾದರಿಗಳಲ್ಲಿ ಅನಲಾಗ್ ಆಡಿಸುವ ಶಕ್ತಿಯನ್ನೇ ತೆಗೆದುಹಾಕಿದ್ದಾರೆ. ಕೊಳ್ಳುವ ಮುಂಚೆ ಕೈಪಿಡಿಯಲ್ಲಿ "ಹೈ8 ಪ್ಲೇಬ್ಯಾಕ್" ಇದೆಯೇ ನೋಡಿ, ಅಥವಾ ನಿಮ್ಮದೇ ಟೇಪು ಕೊಂಡೊಯ್ದು ಹಾಕಿ ನೋಡಿ.

ವಿಎಚ್‌ಎಸ್‌ನವರಿಗೂ ಅರ್ಧ ಒಳದಾರಿ ಇದೆ. ಎವಿ ಒಳಹರಿವು ಇರುವ ಮಿನಿ ಡಿವಿ ಅಥವಾ ಡಿಜಿಟಲ್8 ಕ್ಯಾಮೆರಾ ಇದ್ದರೆ ವಿಸಿಆರ್‌ನ ವೈರನ್ನು ಅದಕ್ಕೆ ಕೊಟ್ಟು, ಮೆನುವಿನಲ್ಲಿ "ಎ/ವಿ → ಡಿವಿ ಔಟ್" ಆನ್ ಮಾಡಿ, ಫೈರ್‌ವೈರಿನಿಂದ ಇಳಿಸಬಹುದು. ಕ್ಯಾಮೆರಾದಲ್ಲಿ ಟೇಪು ಬೇಕಿಲ್ಲ, ಹೆಡ್ಡು ಸವೆದ ಕ್ಯಾಮೆರಾವೂ ನಡೆಯುತ್ತದೆ. ಧ್ವನಿ-ಚಿತ್ರ ಹೊಂದಾಣಿಕೆ ತಪ್ಪುವುದಿಲ್ಲ, ಅಗ್ಗದ ಡಬ್ಬಿಯ ದೊಡ್ಡ ಕಾಯಿಲೆಯೇ ಅದು. ಆ ಮೆನು ಎಲ್ಲ ಮಾದರಿಯಲ್ಲೂ ಇಲ್ಲ, ನೋಡಿಕೊಳ್ಳಿ.

ಇವೆರಡೂ ಇಲ್ಲದಿದ್ದರೆ ಯುಎಸ್‌ಬಿ ಡಬ್ಬಿ. "ಈಸಿಕ್ಯಾಪ್" ಹೆಸರಿನಲ್ಲಿ ಬರುವವುಗಳ ಒಳಗೆ ಯಾವ ಚಿಪ್ಪಿದೆ ಎಂಬುದು ಪೆಟ್ಟಿಗೆ ತೆರೆಯುವವರೆಗೆ ಗೊತ್ತಾಗುವುದಿಲ್ಲ, ಒಂದೇ ಹೊದಿಕೆಯಲ್ಲಿ ನಾಲ್ಕು ಜಾತಿ ಇವೆ. ಹಿಂತಿರುಗಿಸಲು ಅವಕಾಶವಿರುವ ಕಡೆಯೇ ಕೊಳ್ಳಿ. ಮೊದಲ ದಿನವೇ ಪೂರ್ತಿ ಒಂದು ಗಂಟೆ ಹಿಡಿದು ಕೊನೆಯ ನಿಮಿಷದಲ್ಲಿ ತುಟಿಗೂ ಮಾತಿಗೂ ತಾಳೆ ಇದೆಯೇ ನೋಡಿ. ವಾಲಗದ ದೃಶ್ಯ ಇದ್ದರೆ ಪರೀಕ್ಷೆಗೆ ಅದೇ ಸರಿ, ಡೋಲಿನ ಏಟು ಒಂದಿಷ್ಟು ಜಾರಿದರೂ ಕಣ್ಣಿಗೆ ಹೊಡೆಯುತ್ತದೆ. ಎವಿಯನ್ನು ಎಚ್‌ಡಿಎಂಐಗೆ ಹಿಗ್ಗಿಸುವ ಡಬ್ಬಿಗಳನ್ನು ತೆಗೆದುಕೊಳ್ಳಬೇಡಿ. 4:3 ಚಿತ್ರವನ್ನು ಎಳೆದು ಎಲ್ಲರನ್ನೂ ದಪ್ಪಗೆ ಮಾಡುತ್ತವೆ, ಗೆರೆಗಳನ್ನು ಒರಟಾಗಿ ಬೆಸೆಯುತ್ತವೆ. ಆಮೇಲೆ ಸರಿಪಡಿಸಲು ಬರುವುದಿಲ್ಲ.

ಹೈ8 ಕ್ಯಾಮೆರಾದಲ್ಲಿ ದುಂಡನೆಯ ನಾಲ್ಕು ಪಿನ್ನಿನ ಎಸ್-ವಿಡಿಯೊ ಕಿಂಡಿ ಇದ್ದರೆ ಹಳದಿ ಪಿನ್ನನ್ನು ಬಿಟ್ಟು ಅದನ್ನೇ ಬಳಸಿ. ಬೆಳಕು ಮತ್ತು ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಚಿತ್ರ ಎದ್ದು ಕಾಣುವಷ್ಟು ಚುರುಕು. ಅದರಲ್ಲಿ ಧ್ವನಿ ಇಲ್ಲ, ಕೆಂಪು-ಬಿಳಿ ಪಿನ್ ಜೊತೆಗೆ ಚುಚ್ಚಬೇಕು. ಸಾದಾ ವಿಎಚ್‌ಎಸ್‌ಗೆ ಹಳದಿಯೇ ಸಾಕು. ಹ್ಯಾಂಡಿಕ್ಯಾಮಿನ ಸಣ್ಣ ಗುಂಡು ಕಿಂಡಿಗೆ ಬೇರೆ ಕಂಪನಿಯ ವೈರು ಹಾಕಿದಾಗ ಚಿತ್ರ ಬರದೆ ಗುಂಯ್ ಎಂಬ ಸದ್ದು ಬಂದರೆ ವೈರು ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಜೋಡಣೆಯ ಕ್ರಮ ಕಂಪನಿಗೊಂದು ಥರ. ಕೆಂಪು ಪಿನ್ನನ್ನು ಹಳದಿ ತೂತಿಗೆ ಹಾಕಿ ನೋಡಿ, ಎಷ್ಟೋ ಸಲ ಚಿತ್ರ ಅಲ್ಲಿರುತ್ತದೆ.

ತಂತ್ರಾಂಶದಲ್ಲಿ ವಿಡಿಯೊ ಮಾನದಂಡ ನಮ್ಮ ದೇಶದ "ಪಾಲ್ ಬಿ", ಅಳತೆ 720 × 576, ವೇಗ ಸೆಕೆಂಡಿಗೆ 25 ಫ್ರೇಮು, ಧ್ವನಿ 48 ಕಿಲೋಹರ್ಟ್ಜ್. ಡಬ್ಬಿಗಳು ಅಮೆರಿಕದ ಮಾನದಂಡವಾದ ಎನ್‌ಟಿಎಸ್‌ಸಿಯಲ್ಲೇ ಎದ್ದೇಳುತ್ತವೆ. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಕಾರಣ ಇದೇ. ಅಮೆರಿಕದ ಮಗಳೋ ಅಳಿಯನೋ ತಂದ ಕ್ಯಾಮೆರಾ ಆದರೆ ತಿರುಗಾಮುರುಗಾ: ಆ ಟೇಪು ನಿಜಕ್ಕೂ ಎನ್‌ಟಿಎಸ್‌ಸಿ, 720 × 480 ಇಡಬೇಕು. ಕೊಲ್ಲಿ ದೇಶದಿಂದ ಬಂದದ್ದು ಸಾಮಾನ್ಯವಾಗಿ ಪಾಲ್.

ಹಿಡಿಯಲು "ವರ್ಚುವಲ್‌ಡಬ್" ಮತ್ತು ಹಫ್‌ವೈಯುವಿ ಕೋಡೆಕ್ ಬಳಸಿದರೆ ಚಿತ್ರದಲ್ಲಿ ಏನೂ ಕಳೆಯುವುದಿಲ್ಲ. ಆದರೆ ಗಂಟೆಗೆ 30ರಿಂದ 40 ಜಿಬಿ ಬೇಕು. ಜಾಗವಿಲ್ಲದವರು "ಒಬಿಎಸ್"ನಲ್ಲಿ ನೇರವಾಗಿ ಎಂಪಿ4 ಮಾಡಬಹುದು. ಆಗ ಡಿಇಂಟರ್‌ಲೇಸ್ (ಹೆಣೆದುಕೊಂಡ ಗೆರೆಗಳನ್ನು ಬಿಡಿಸುವ ಆಯ್ಕೆ) "ಯಾಡಿಫ್ 2ಎಕ್ಸ್" ಇಟ್ಟು ವೇಗವನ್ನು 50ಕ್ಕೆ ಏರಿಸಿ. 25ರಲ್ಲೇ ಬಿಟ್ಟರೆ ಕೋಲಾಟದ ಕೋಲು ತಡೆತಡೆದು ಚಲಿಸಿದ ಹಾಗೆ ಕಾಣುತ್ತದೆ. ಡಬ್ಬಿಯನ್ನು ಹಬ್ಬಿಗೆ ಚುಚ್ಚದೆ ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ಹಿನ್ನೆಲೆಯಲ್ಲಿ ಗುಂಯ್‌ಗುಡುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಮನೆಯ ಅರ್ಥಿಂಗ್ ಸರಿಯಿಲ್ಲದ ಕಡೆ ಇದೊಂದರಿಂದಲೇ ಸದ್ದು ಹೋಗುತ್ತದೆ. ಕ್ಯಾಮೆರಾದ "ಡಿಸ್‌ಪ್ಲೇ" ಗುಂಡಿ ಒತ್ತಿ ಪರದೆಯ ಮೇಲಿನ ಬ್ಯಾಟರಿ ಗುರುತು, ಕೌಂಟರ್ ಆರಿಸಿಕೊಳ್ಳಿ, ಮರೆತರೆ ಅದೂ ಚಿತ್ರದಲ್ಲೇ ಅಚ್ಚಾಗುತ್ತದೆ. ಚಿತ್ರದ ತಳದಲ್ಲಿ ಕೆಲವು ಗೆರೆಗಳು ಹರಿದ ಹಾಗೆ ಕಂಡರೆ ಗಾಬರಿ ಬೇಡ, ಅನಲಾಗ್ ಟೇಪಿನ ಸಹಜ ಗುಣ. ಟಿವಿ ಅದನ್ನು ಅಂಚಿನಲ್ಲಿ ಅಡಗಿಸುತ್ತಿತ್ತು, ಕಂಪ್ಯೂಟರ್ ತೋರಿಸುತ್ತದೆ.

ಡಿವಿಡಿ ರೆಕಾರ್ಡರಿಗೆ ಹಿಡಿಯುವ ಹಳೇ ದಾರಿಯೂ ಇದೆ. ಗುಂಡಿ ಒತ್ತಿ ಎದ್ದು ಹೋಗಬಹುದು, ಕಂಪ್ಯೂಟರ್ ಜಂಜಾಟವಿಲ್ಲ. ಚಿತ್ರ ಎಂಪಿಇಜಿ-2ಗೆ ಒತ್ತಿಹೋಗುತ್ತದೆ. ಒಂದು ಡಿವಿಡಿಗೆ ಎರಡು ಗಂಟೆಗಿಂತ ಹೆಚ್ಚು ತುಂಬಿದರೆ ಆರತಿ ಬೆಳಗುವಾಗ ದೀಪದ ಸುತ್ತ ಚೌಕಗಳು ಕಾಣುತ್ತವೆ. ವಯಸ್ಸಾದವರು ಒಬ್ಬರೇ ಮಾಡುವುದಾದರೆ ಇದು ತಪ್ಪಲ್ಲ. ಟಿವಿಯಲ್ಲಿ ಹಾಕಿ ಮೊಬೈಲಿನಲ್ಲಿ ಚಿತ್ರಿಸುವುದು ಮಾತ್ರ ನೆಂಟರ ಗುಂಪಿಗೆ ಅರ್ಧ ನಿಮಿಷ ಕಳಿಸಲು ಸರಿ, ಅದಕ್ಕಿಂತ ಹೆಚ್ಚಿಗಲ್ಲ.

ಟೇಪೇ ಇಲ್ಲದ ಕ್ಯಾಮೆರಾ

ಇಲ್ಲಿ ಆಯ್ಕೆಯೇ ಇಲ್ಲ, ಫೈಲನ್ನು ನಕಲು ಮಾಡುವುದಷ್ಟೆ. ಎಂಟಿಎಸ್ ಎಂಬ ವಿಡಿಯೊ ಫೈಲುಗಳನ್ನು ಮಾತ್ರ ಆರಿಸಿಕೊಳ್ಳದೆ ಇಡೀ ಫೋಲ್ಡರ್ ತೆಗೆದುಕೊಳ್ಳಿ, ದೃಶ್ಯಗಳ ಕುರಿತ ಮಾಹಿತಿ ಪಕ್ಕದ ಪುಟ್ಟ ಫೈಲುಗಳಲ್ಲೂ ಇರುತ್ತದೆ. ಉದ್ದನೆಯ ದೃಶ್ಯವನ್ನು ಕ್ಯಾಮೆರಾ 2 ಅಥವಾ 4 ಜಿಬಿಗೆ ತುಂಡು ಮಾಡಿರುತ್ತದೆ, "ಟಿಎಸ್‌ಮಕ್ಸರ್"ನಲ್ಲಿ ಜೋಡಿಸಿ. ಸೋನಿಯ ಹಲವು ಮಾದರಿಗಳು ಕರೆಂಟಿನ ಅಡಾಪ್ಟರ್ ಚುಚ್ಚದಿದ್ದರೆ ಯುಎಸ್‌ಬಿಗೆ ಓಗೊಡುವುದಿಲ್ಲ. 8 ಸೆಂಟಿಮೀಟರಿನ ಡಿವಿಡಿಯನ್ನು ತೆಗೆದ ಕ್ಯಾಮೆರಾದಲ್ಲೇ "ಫೈನಲೈಸ್" ಮಾಡಿರಬೇಕು. ಇಲ್ಲದಿದ್ದರೆ ಕಂಪ್ಯೂಟರಿಗೆ ಖಾಲಿ ಬಿಲ್ಲೆಯಂತೆ ಕಾಣಬಹುದು. ತಟ್ಟೆ ಹೊರಬರುವ ಡ್ರೈವಿನ ನಡುಗುಳಿಯಲ್ಲಿ ಕೂರಿಸಿ. ಬಾಯಿಗೆ ತುರುಕುವ ಮಾದರಿಯ ಡ್ರೈವಿಗೆ ಹಾಕಿದರೆ ಒಳಗೇ ಉಳಿಯುತ್ತದೆ.

ಕರೆಂಟು, ಜಾಗ, ಎರಡನೇ ಪ್ರತಿ

ಗಂಟೆಯ ಟೇಪಿಗೆ ಗಂಟೆಯೇ ಬೇಕು, ವೇಗವಾಗಿ ಇಳಿಸುವ ಉಪಾಯವಿಲ್ಲ. ಹ್ಯಾಂಡಿಕ್ಯಾಮಿನ ಬ್ಯಾಟರಿ ಸತ್ತಿರುತ್ತದೆ, ಅಡಾಪ್ಟರಿನಲ್ಲೇ ಓಡಿಸಬೇಕು. ಟೇಪು ಹೆಡ್ಡಿನ ಡ್ರಮ್ಮಿಗೆ ಸುತ್ತಿರುವಾಗ ಕರೆಂಟು ಹೋದರೆ ಅದು ಹಾಗೇ ಒಳಗೆ ನಿಲ್ಲುತ್ತದೆ. ಮರಳಿ ಬಂದಾಗ ಕೆಲವು ಯಂತ್ರಗಳು ಸುಕ್ಕು ಮಾಡಿಯೇ ಹೊರಗೆ ಕೊಡುತ್ತವೆ. ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಕ್ಯಾಮೆರಾ ಅಡಾಪ್ಟರನ್ನೂ ಚುಚ್ಚಿ. ಮುಂಗಾರಿಗೆ ಮುಂಚೆ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯಲ್ಲಿ ಕೆಲಸ ಮುಗಿಸಿಕೊಂಡರೆ ಹನಿಗಟ್ಟುವ ತೊಂದರೆಯೂ ಕಡಿಮೆ.

ಡಿವಿ ಆದರೆ 1 ಟಿಬಿ ಡಿಸ್ಕಿನಲ್ಲಿ 70 ಗಂಟೆ ಹಿಡಿಯುತ್ತದೆ. ಆ ಮೂಲ ಎವಿಐಯನ್ನು ಒತ್ತಿ ಚಿಕ್ಕದು ಮಾಡಬೇಡಿ, ಹಾಗೇ ಎರಡು ಡಿಸ್ಕಿನಲ್ಲಿಟ್ಟು ಒಂದನ್ನು ಬೇರೆ ಮನೆಯಲ್ಲಿಡಿ. ನೋಡಲು, ಹಂಚಲು ಬೇರೆ ಪ್ರತಿ: "ಹ್ಯಾಂಡ್‌ಬ್ರೇಕ್"ನಲ್ಲಿ ಎಚ್.264, ಗುಣಮಟ್ಟದ ಅಂಕಿ ಆರ್‌ಎಫ್ 18, ಡಿಇಂಟರ್‌ಲೇಸ್ "ಬಾಬ್", ವೇಗ 50. ಗಂಟೆಗೆ ಎರಡು ಜಿಬಿಯ ಆಸುಪಾಸಿಗೆ ಬರುತ್ತದೆ.

ಸ್ಟುಡಿಯೊಗೆ ಕೊಡುವುದಾದರೆ

ಐದಾರು ಟೇಪು ಮಾತ್ರ ಇದ್ದು ಕ್ಯಾಮೆರಾ ಸತ್ತಿದ್ದರೆ ಕೊಡುವುದೇ ಲಾಭ. ಇಪ್ಪತ್ತರ ಮೇಲಿದ್ದರೆ ಮನೆಯಲ್ಲೇ ಮಾಡಿಕೊಳ್ಳುವುದು. ಬೂಷ್ಟು ಹಿಡಿದದ್ದು, ಹರಿದದ್ದು ಒಂದೇ ಇದ್ದರೂ ತಿಳಿದವರ ಕೈಗೇ ಹೋಗಬೇಕು. ಕೊಡುವಾಗ "ಸಿಡಿ ಮಾಡಿಕೊಡಿ" ಅನ್ನಬೇಡಿ, ಅಂದರೆ ಅದನ್ನೇ ಮಾಡುತ್ತಾರೆ. ಮಿನಿ ಡಿವಿಗೆ "ಫೈರ್‌ವೈರಿನಿಂದ ಇಳಿಸಿದ ಡಿವಿ ಎವಿಐ ಬೇಕು, ಗಂಟೆಗೆ 13 ಜಿಬಿ ಇರಬೇಕು, ಹಾರ್ಡ್‌ಡಿಸ್ಕ್ ನಾನೇ ತಂದಿದ್ದೇನೆ" ಎನ್ನಿ. ಫೈಲು 2 ಜಿಬಿ ಇದ್ದರೆ ಒತ್ತಿದ ಪ್ರತಿ ಕೊಟ್ಟಿದ್ದಾರೆ ಎಂದರ್ಥ. ಹೈ8ಕ್ಕೆ ಎಸ್-ವಿಡಿಯೊ ಬಳಸುತ್ತೀರಾ ಎಂದು ಕೇಳಿ. ಹಾಡು ಸೇರಿಸುವುದು, ಹೂವಿನ ಚೌಕಟ್ಟು, ಬಣ್ಣ ತಿದ್ದುವುದು ಬೇಡವೆಂದು ಮೊದಲೇ ಹೇಳಿ. ಅಜ್ಜಿಯ ಸೋಬಾನೆಯ ಮೇಲೆ ಸಿನಿಮಾ ಹಾಡು ಕೂತರೆ ಮತ್ತೆ ಬಿಡಿಸಲು ಆಗುವುದಿಲ್ಲ. ಕ್ಯಾಸೆಟ್ಟಿಗೆ ನಂಬರು ಬರೆದು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ.

ಮನೆಯಲ್ಲೇ ಮಾಡುವವರು ಯಂತ್ರಕ್ಕೆ ಮೊದಲು ಹಾಕಬೇಕಾದ್ದು ಯಾರಿಗೂ ಬೇಡದ ಒಂದು ಟೇಪು, ಪಕ್ಕದ ಮನೆಯವರ ಗೃಹಪ್ರವೇಶದಂಥದ್ದು. ಯಂತ್ರ ಅದನ್ನು ನುಂಗಿಕೊಳ್ಳದೆ ಸರಿಯಾಗಿ ಓಡಿಸಿದರೆ ಎರಡನೆಯದು ಎಲ್ಲಕ್ಕಿಂತ ಬೇಕಾದ ಟೇಪು. ಇಪ್ಪತ್ತು ವರ್ಷದ ಕ್ಯಾಮೆರಾ ಹತ್ತನೆಯದರವರೆಗೆ ಬದುಕಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.